ರಿಯೇಕ: ಹಲವು ಒಡೆಯರನ್ನು ಕಂಡ ಕಡಲ ಪಟ್ಟಣ

ಯೂರೋಪು ಖಂಡದ ಭೂಪಟದಲ್ಲಿ ಇಟಲಿ ದೇಶವು ಬೂಟಿನ ಆಕಾರದಲ್ಲಿ ಕಡಲೊಳಕ್ಕೆ ಚಾಚಿಕೊಂಡಿರುವುದನ್ನು ವಾಚಕರು ಕಂಡಿರಬಹುದು. ಆ ದೇಶದ ಪೂರ್ವಕ್ಕೂ ಬಾಲ್ಕನ್ ನಾಡುಗಳ ಪಶ್ಚಿಮಕ್ಕೂ ನಡುವೆ ಉದ್ದವಾಗಿ ಹಬ್ಬಿರುವ ಜಲರಾಶಿಗೆ ಏಡ್ರಿಯಾಟಿಕ್ ಸಮುದ್ರವೆಂದು ಹೆಸರು. ಅದರ ಉತ್ತರದ ತುದಿಯಲ್ಲಿ, ಕ್ವಾರ್ನೆರ್ ಎಂಬ ಕೊಲ್ಲಿಯ ದಡದಲ್ಲಿ, ಬೆಟ್ಟಕ್ಕೂ ನೀರಿಗೂ ನಡುವಣ ಇಕ್ಕಟ್ಟಿನ ನೆಲದ ಮೇಲೆ ಒಂದು ಬಂದರು ಪಟ್ಟಣವಿದೆ. ಕ್ರೊಯೇಷಿಯದ ಜನ ಅದನ್ನು ರಿಯೇಕ ಎಂದು ಕರೆಯುತ್ತಾರೆ. ಇಟಾಲಿಯನ್ ಮಾತನಾಡುವವರು ಫಿಯೂಮೆ ಎನ್ನುತ್ತಾರೆ. ವಿಶೇಷವೇನೆಂದರೆ ಎರಡು ಹೆಸರುಗಳಿಗೂ ಅರ್ಥ ಒಂದೇ: ಹೊಳೆ. ಊರಿನ ಮಗ್ಗುಲಲ್ಲಿ ಹರಿದು ಕಡಲನ್ನು ಸೇರುವ ರಿಯೇಚಿನ ಎಂಬ ಹೊಳೆಯಿಂದಲೇ ಊರಿಗೆ ಈ ಹೆಸರು ಬಂದಿತು. ಒಂದೇ ಹೊಳೆಯನ್ನು ನೋಡಿ ಎರಡು ಭಾಷೆಯವರು ತಂತಮ್ಮ ಮಾತಿನಲ್ಲಿ ಒಂದೇ ಹೆಸರನ್ನಿಟ್ಟರು. ಆದರೆ ಈ ಎರಡರಲ್ಲಿ ಯಾವುದು ನಿಜವಾದ ಹೆಸರೆಂಬ ವಾದವು ಇಪ್ಪತ್ತನೆಯ ಶತಮಾನದಲ್ಲಿ ಹಲವರ ಪ್ರಾಣವನ್ನೂ, ಸಹಸ್ರಾರು ಜನರ ಮನೆಮಠಗಳನ್ನೂ ನುಂಗಿತು. ಗಡಿಯಲ್ಲಿ ಬಾಳುವವರು ಅರಿಯಬೇಕಾದ ಕಥೆಯಾದುದರಿಂದ ಇದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸಿದ್ದೇನೆ.

ಹೊಳೆಯ ದಡದ ಊರು

ರೋಮನರ ಕಾಲದಲ್ಲಿ ಇಲ್ಲಿ ತರ್ಸಾಟಿಕ ಎಂಬ ಊರಿದ್ದಿತು. ಆ ಕಾಲದ ಒಂದು ಕಲ್ಲಿನ ಕಮಾನು ಹಳೆಯ ಪಟ್ಟಣದ ಓಣಿಯಲ್ಲಿ ಇಂದಿಗೂ ನಿಂತಿದೆ. ರೋಮ್ ಸಾಮ್ರಾಜ್ಯವು ಅಳಿದ ಮೇಲೆ ಈ ಕರಾವಳಿಗೆ ಸ್ಲಾವ್ ಜನರು ಬಂದು ನೆಲೆಸಿದರು. ಕ್ರಿ. ಶ. ೭೯೯ರಲ್ಲಿ ಷಾರ್ಲ್‌ಮೇನ್ ದೊರೆಯ ಮಾಂಡಲಿಕನಾದ ಫ್ರಿಯೂಲಿಯ ಎರಿಕ್ ಎಂಬ ಸಾಮಂತನು ತರ್ಸಾಟಿಕದ ಬಳಿ ಹತನಾದನೆಂದು ಇತಿಹಾಸವು ಹೇಳುತ್ತದೆ. ಮಧ್ಯಯುಗದಲ್ಲಿ ಮರಳಿ ತಲೆಯೆತ್ತಿದ ಊರು ಸಂತ ವೀಟನ ಹೆಸರಿನ, ಕೋಟೆಯಿಂದ ಸುತ್ತುವರಿದ ಸಣ್ಣ ಪಟ್ಟಣವಾಗಿತ್ತು. ಡುಯಿನೊ ಮನೆತನದವರೂ ಅವರ ತರುವಾಯ ವಾಲ್ಜೆ ಮನೆತನದವರೂ ಅದಕ್ಕೆ ಒಡೆಯರಾಗಿದ್ದರು. ೧೪೬೬ರ ವೇಳೆಗೆ ಅದು ಆಸ್ಟ್ರಿಯದ ಹ್ಯಾಬ್ಸ್‌ಬರ್ಗ್ ವಂಶದ ಕೈಸೇರಿತು. ನೆರೆಯ ಕರಾವಳಿಯನ್ನು ಆಳುತ್ತಿದ್ದ ವೆನಿಸ್ ಗಣರಾಜ್ಯಕ್ಕೆ ಇದು ಸಹನೆಯಾಗಲಿಲ್ಲ. ೧೫೦೯ರಲ್ಲಿ ವೆನಿಸಿನ ನೌಕಾಪಡೆಯು ಊರನ್ನು ಸೂರೆಗೊಂಡು ಸುಟ್ಟಿತು. ಆದರೂ ವೆನಿಸಿಗೆ ಇದು ದಕ್ಕಲಿಲ್ಲ. ಇಸ್ಟ್ರಿಯದ ಹಾಗೂ ಡಾಲ್ಮೇಷಿಯದ ಅನೇಕ ಊರುಗಳು ಶತಮಾನಗಳ ಕಾಲ ವೆನಿಸಿನ ಅಧೀನದಲ್ಲಿದ್ದರೆ, ರಿಯೇಕವು ಹ್ಯಾಬ್ಸ್‌ಬರ್ಗರ ಪಟ್ಟಣವಾಗಿಯೇ ಉಳಿಯಿತು. ಸೋಜಿಗವೆಂದರೆ, ವೆನಿಸಿನ ಆಳ್ವಿಕೆಗೆ ಒಳಪಡದ ಈ ಊರಿನ ವ್ಯಾಪಾರಿಗಳ ಬಾಯಿಗೆ ವೆನಿಸಿನ ಮಾತೇ ಹತ್ತಿತು. ಏಡ್ರಿಯಾಟಿಕ್ ಕಡಲಿನಲ್ಲಿ ಹಡಗು ನಡೆಸುವವರಿಗೆಲ್ಲ ಅದೇ ವ್ಯವಹಾರದ ಭಾಷೆ. ಊರಿನ ಓಣಿಗಳಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಚಾಕವಿ ಎಂಬ ಕ್ರೊಯೇಷಿಯನ್ ಉಪಭಾಷೆ. ಅಂಗಡಿಬೀದಿಯಲ್ಲಿ ವೆನಿಸಿನ ಛಾಯೆಯ ಇಟಾಲಿಯನ್. ಇವೆರಡೂ ಒಂದೇ ಮನೆಯಲ್ಲಿ ಒಂದೇ ಒಲೆಯ ಸುತ್ತ ಕೇಳಿಬರುತ್ತಿದ್ದವು. ಅಂದಿನವರು ಇದನ್ನೊಂದು ಸಮಸ್ಯೆಯೆಂದು ಎಣಿಸಲಿಲ್ಲ.

೧೫೩೦ರಲ್ಲಿ ಫರ್ಡಿನಂಡ್ ದೊರೆಯು ಊರಿಗೆ ಒಂದು ಶಾಸನವನ್ನು ದಯಪಾಲಿಸಿದನು. ಪೌರಸಭೆ, ನ್ಯಾಯವಿಚಾರಣೆ, ಅಳತೆ ತೂಕ ಮುಂತಾದ ಊರಿನ ಸ್ವಂತ ಕಾರ್ಯಗಳನ್ನು ಊರವರೇ ನಡೆಸಿಕೊಳ್ಳಬಹುದೆಂದು ಅದರಿಂದ ಏರ್ಪಾಡಾಯಿತು. ‘ನಾವು ಆ ರಾಜ್ಯದವರೂ ಅಲ್ಲ, ಈ ರಾಜ್ಯದವರೂ ಅಲ್ಲ, ನಮ್ಮ ಊರಿನವರು’ ಎಂಬ ಅಭಿಮಾನವು ಅಂದಿನಿಂದ ಈ ಪೌರರಲ್ಲಿ ಬೇರೂರಿತು. ೧೬೨೭ರಲ್ಲಿ ಜೆಸೂಟ್ ಪಾದ್ರಿಗಳು ಇಲ್ಲಿ ಒಂದು ಪ್ರೌಢಶಾಲೆಯನ್ನು ಸ್ಥಾಪಿಸಿದರು. ಈ ಶಾಲೆಯ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಪ್ರಸ್ತಾಪವು ಬರುವುದು. ೧೬೫೯ರಲ್ಲಿ ಚಕ್ರವರ್ತಿ ಲಿಯೋಪೋಲ್ಡನು ಊರಿಗೆ ಒಂದು ಲಾಂಛನವನ್ನು ಅನುಗ್ರಹಿಸಿದನು. ಎರಡು ತಲೆಯ ಹದ್ದು. ಅದರ ಕಾಲಡಿಯಲ್ಲಿ ನೀರು ಸುರಿಯುತ್ತಿರುವ ಕಳಶ. ‘ಎಂದಿಗೂ ಬತ್ತದು’ ಎಂಬ ಅರ್ಥದ ಲ್ಯಾಟಿನ್ ಮಾತು. ನಮ್ಮ ಗಂಡಭೇರುಂಡವನ್ನು ನೆನಪಿಗೆ ತರುವ ಈ ಹದ್ದಿಗೆ ಒಂದು ವಿಶೇಷವುಂಟು. ಸಾಮಾನ್ಯವಾಗಿ ಇಂತಹ ಪಕ್ಷಿಗಳ ತಲೆಗಳು ಒಂದೊಂದು ದಿಕ್ಕಿಗೆ ತಿರುಗಿರುತ್ತವೆ. ರಿಯೇಕದ ಹದ್ದಿನ ತಲೆಗಳೆರಡೂ ಒಂದೇ ಕಡೆಗೆ ನೋಡುತ್ತವೆ.

ಕಡಲಿಲ್ಲದ ರಾಜ್ಯದ ಬಂದರು

೧೭೧೯ರಲ್ಲಿ ಆರನೆಯ ಚಾರ್ಲ್ಸ್ ಚಕ್ರವರ್ತಿಯು ಟ್ರಿಯೆಸ್ಟ್ ಮತ್ತು ರಿಯೇಕಗಳನ್ನು ಸುಂಕವಿಲ್ಲದ ಮುಕ್ತ ಬಂದರುಗಳೆಂದು ಸಾರಿದನು. ಒಳನಾಡಿನ ಕಾರ್ಲೊವಾಟ್ಸ್ ಪಟ್ಟಣದಿಂದ ಬೆಟ್ಟಗಳನ್ನು ಕಡಿದು ಕಡಲಿನವರೆಗೆ ರಸ್ತೆಯನ್ನು ಮಾಡಿಸಿದನು. ಅದಕ್ಕೆ ಅವನ ಹೆಸರಿನಿಂದಲೇ ಕರೊಲೀನ ರಸ್ತೆಯೆಂದು ಹೆಸರಾಯಿತು. ಸಕ್ಕರೆ ಶುದ್ಧಿಮಾಡುವ ಕಾರ್ಖಾನೆ ಬಂದಿತು. ೧೭೫೦ರ ಭೂಕಂಪದ ತರುವಾಯ ಊರು ಕೋಟೆಯ ಗೋಡೆಗಳನ್ನು ಮೀರಿ ಹೊರಕ್ಕೆ ಬೆಳೆಯಿತು. ಕಡಲನ್ನು ತುಂಬಿಸಿ ಪಡೆದ ನೆಲದ ಮೇಲೆ ಇಂದಿನ ಮುಖ್ಯ ಬೀದಿಯಾದ ಕೊರ್ಜೊ ಮೈದಾಳಿತು. ಹಿಂದೆ ಕಡಲಿಗೆ ತೆರೆಯುತ್ತಿದ್ದ ಕೋಟೆಬಾಗಿಲಿನ ಗೋಪುರವು ಊರ ನಡುವಣ ಗಡಿಯಾರದ ಗೋಪುರವಾಯಿತು.

ಬಂದರು ಬೆಳೆದಂತೆ ಅದನ್ನು ಬಯಸುವವರೂ ಹೆಚ್ಚಿದರು. ಹ್ಯಾಬ್ಸ್‌ಬರ್ಗರ ಛತ್ರದ ಕೆಳಗಿದ್ದ ಹಂಗೆರಿ ರಾಜ್ಯಕ್ಕೆ ವಿಶಾಲವಾದ ಗೋಧಿಯ ಬಯಲುಗಳಿದ್ದವು. ಆದರೆ ಸ್ವಂತದ ಬಂದರಿರಲಿಲ್ಲ. ಮಹಾರಾಣಿ ಮರಿಯ ತೆರೇಸಳು ೧೭೭೬ರಲ್ಲಿ ರಿಯೇಕವನ್ನು ಕ್ರೊಯೇಷಿಯಕ್ಕೆ ಸೇರಿಸಿದಳು. ಮೂರೇ ವರ್ಷಗಳಲ್ಲಿ, ೧೭೭೯ರಲ್ಲಿ, ಅದನ್ನು ಹಂಗೆರಿಯ ಕಿರೀಟಕ್ಕೆ ಸೇರಿದ ‘ಪ್ರತ್ಯೇಕ ಅಂಗ’ವೆಂದು ಘೋಷಿಸಿದಳು. ಈ ‘ಪ್ರತ್ಯೇಕ ಅಂಗ’ ಎಂಬ ಮಾತಿನ ಅರ್ಥವೇನೆಂದು ಮುಂದಿನ ನೂರು ವರ್ಷ ಹಂಗೆರಿಯವರೂ ಕ್ರೊಯೇಷಿಯದವರೂ ಕಾದಾಡಿದರು. ನಡುವೆ ೧೮೦೯ರಿಂದ ೧೮೧೩ರವರೆಗೆ ನೆಪೋಲಿಯನ್ನನ ಫ್ರೆಂಚರು ಆಳಿದರು, ತರುವಾಯ ಆಸ್ಟ್ರಿಯದವರು, ೧೮೨೨ರಲ್ಲಿ ಪುನಃ ಹಂಗೆರಿ. ೧೮೪೮ರಲ್ಲಿ ಹಂಗೆರಿಯು ಚಕ್ರವರ್ತಿಯ ವಿರುದ್ಧ ದಂಗೆಯೆದ್ದಾಗ ಕ್ರೊಯೇಷಿಯದ ಅಧಿಪತಿ ಯೆಲಾಚಿಚ್ಚನ ಸೈನ್ಯವು ಊರನ್ನು ಹಿಡಿಯಿತು. ಸುಮಾರು ೧೯ ವರ್ಷ ಕ್ರೊಯೇಷಿಯದ ಆಡಳಿತ ನಡೆಯಿತು.

೧೮೬೮ರಲ್ಲಿ ಹಂಗೆರಿಗೂ ಕ್ರೊಯೇಷಿಯಕ್ಕೂ ಒಂದು ಒಡಂಬಡಿಕೆಯಾಯಿತು. ಎಲ್ಲವನ್ನೂ ಒಪ್ಪಿದ ಈರ್ವರೂ ರಿಯೇಕದ ವಿಷಯದಲ್ಲಿ ಮಾತ್ರ ಒಪ್ಪಲಿಲ್ಲ. ಹಂಗೆರಿಯ ಭಾಷೆಯ ಪ್ರತಿಯಲ್ಲಿ ಊರು ಹಂಗೆರಿಯ ಕಿರೀಟದ ಪ್ರತ್ಯೇಕ ಅಂಗವೆಂದಿತ್ತು. ಕ್ರೊಯೇಷಿಯನ್ ಪ್ರತಿಯಲ್ಲಿ ಈ ಬಗೆಗೆ ಒಮ್ಮತವಾಗಲಿಲ್ಲವೆಂದಿತ್ತು. ಕೊನೆಗೆ ಮಾಡಿದ್ದೇನು? ಕ್ರೊಯೇಷಿಯನ್ ಪ್ರತಿಯ ಆ ವಾಕ್ಯಗಳ ಮೇಲೆ, ಹಂಗೆರಿಯ ಪಾಠದ ಅನುವಾದವನ್ನು ಬರೆದ ಒಂದು ಕಾಗದದ ತುಂಡನ್ನು ಅಂಟಿಸಿದರು! ಇದನ್ನು ಅಲ್ಲಿನ ಜನ ಇಂದಿಗೂ ‘ರಿಯೇಕದ ತೇಪೆ’ ಎನ್ನುತ್ತಾರೆ. ಹರಿದ ಬಟ್ಟೆಗೆ ತೇಪೆ ಹಾಕುವುದುಂಟು. ಒಂದು ಊರಿನ ಹಣೆಬರಹಕ್ಕೇ ತೇಪೆ ಹಾಕಿದ ಉದಾಹರಣೆ ಅಪೂರ್ವವೆಂದೇ ಹೇಳಬೇಕು.

ಸೇತುವೆ ದಾಟಿದ ಶಾಲೆ

ಆದರೂ ಈ ಹಂಗೆರಿಯ ಕಾಲವೇ ಊರಿನ ಐಶ್ವರ್ಯದ ಕಾಲ. ೧೮೭೩ರಲ್ಲಿ ರೈಲು ಮಾರ್ಗಗಳು ಒಳನಾಡಿನಿಂದ ಕಡಲಿಗೆ ಇಳಿದುಬಂದವು. ಅಲೆಗಳನ್ನು ತಡೆಯಲು ೧೭೦೦ ಮೀಟರಿಗೂ ಮಿಗಿಲಾದ ಅಡ್ಡಕಟ್ಟೆಯನ್ನು ಕಡಲಿನಲ್ಲಿ ಕಟ್ಟಿದರು. ಊರಿನವನೇ ಆದ ಲುಪಿಸ್ ಎಂಬ ನಿವೃತ್ತ ನೌಕಾಧಿಕಾರಿಯ ಕಲ್ಪನೆಯನ್ನು ಹಿಡಿದು, ಇಂಗ್ಲಿಷ್ ಯಂತ್ರಶಿಲ್ಪಿ ರಾಬರ್ಟ್ ವೈಟ್‌ಹೆಡ್ಡನು ನೀರಿನೊಳಗೆ ತಾನೇ ಚಲಿಸುವ ಟಾರ್ಪೀಡೊ ಅಸ್ತ್ರವನ್ನು ೧೮೬೬ರಲ್ಲಿ ನಿರ್ಮಿಸಿದ್ದು ಇಲ್ಲಿಯೇ. ಕಾಗದ, ಹೊಗೆಸೊಪ್ಪು, ಎಣ್ಣೆಶುದ್ಧಿ, ಹಡಗು ಕಟ್ಟುವಿಕೆ ಮುಂತಾದ ಉದ್ಯಮಗಳು ಬೆಳೆದವು. ೧೮೮೫ರಲ್ಲಿ ಭವ್ಯವಾದ ನಾಟಕಶಾಲೆಯೂ ತರುವಾಯ ರಾಜ್ಯಪಾಲರ ಅರಮನೆಯೂ ಎದ್ದವು. ಬಡವರು ಈ ಬಂದರಿನಿಂದ ಅಮೆರಿಕಕ್ಕೆ ವಲಸೆ ಹೋಗತೊಡಗಿದರು. ಮುಂದೆ ನ್ಯೂಯಾರ್ಕ್ ನಗರದ ಮೇಯರನಾಗಿ ಪ್ರಸಿದ್ಧಿ ಪಡೆದ ಲಾ ಗಾರ್ಡಿಯ ಎಂಬವನು ೧೯೦೪ರಿಂದ ೧೯೦೬ರವರೆಗೆ ಅಮೆರಿಕದ ಪ್ರತಿನಿಧಿಯಾಗಿ ಇಲ್ಲಿದ್ದು, ಹಡಗು ಹತ್ತುವ ಮುನ್ನವೇ ವಲಸೆಗಾರರ ವೈದ್ಯಪರೀಕ್ಷೆಯಾಗಬೇಕೆಂದು ಹಟ ಹಿಡಿದನು; ಅಷ್ಟು ದೂರ ಹೋಗಿ ರೋಗಿಗಳೆಂಬ ಕಾರಣದಿಂದ ಹಿಂದಿರುಗುವ ದುಃಖವು ಇದರಿಂದ ಬಡವರಿಗೆ ತಪ್ಪಿತು. ೧೯೧೨ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಪ್ರಯಾಣಿಕರನ್ನು ಕಾಪಾಡಿದ ಕಾರ್ಪೇಥಿಯ ಎಂಬ ಹಡಗು ನ್ಯೂಯಾರ್ಕಿನಿಂದ ಹೊರಟಿದ್ದುದು ಮೆಡಿಟರೇನಿಯನ್ ಬಂದರುಗಳಿಗಾಗಿ; ಅದರ ಕೊನೆಯ ತಾಣ ಇದೇ ಊರು. ಆ ದುರಂತದ ಒಂದು ಜೀವರಕ್ಷಕ ಕವಚವು ಇಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ.

ಹೊರಗೆ ಇಷ್ಟು ಸಂಪತ್ತು; ಒಳಗೆ ಭಾಷೆಗಳ ತಿಕ್ಕಾಟ. ಕ್ರೊಯೇಷಿಯದವರ ಬಲವನ್ನು ಕುಗ್ಗಿಸಲು ಹಂಗೆರಿಯ ಸರಕಾರವು ಬಹುಕಾಲ ಇಟಾಲಿಯನ್ ಭಾಷೆಗೆ ಒತ್ತಾಸೆ ಕೊಟ್ಟಿತು. ಪೌರಸಭೆಯ ವ್ಯವಹಾರವೂ ಊರಿನ ಶಾಲೆಗಳೂ ಇಟಾಲಿಯನ್ನಿನಲ್ಲಿ ನಡೆದವು. ತರುವಾಯ ತನ್ನ ಭಾಷೆಯನ್ನೂ ಕಾನೂನುಗಳನ್ನೂ ಹೇರಲು ತೊಡಗಿದಾಗ ಇಟಾಲಿಯನ್ ಮಾತಿನವರೂ ಸಿಡಿದೆದ್ದರು. ೧೮೯೬ರಲ್ಲಿ ಊರಿನ ಸ್ವಾಯತ್ತತೆಯನ್ನೇ ಗುರಿಯಾಗಿಟ್ಟುಕೊಂಡ ಪಕ್ಷವೊಂದು ಹುಟ್ಟಿತು. ಅದೇ ೧೮೯೬ರಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಓದುವಾಗ ಉಪಾಧ್ಯಾಯನಾದ ನನ್ನ ಮನಸ್ಸು ಅಲ್ಲಿಯೇ ನಿಂತುಬಿಡುತ್ತದೆ. ೧೬೨೭ರಲ್ಲಿ ಸ್ಥಾಪಿತವಾದ ಶಾಲೆಯೆಂದು ಹಿಂದೆ ಹೇಳಿದೆನಷ್ಟೆ. ಹತ್ತೊಂಬತ್ತನೆಯ ಶತಮಾನದ ನಡುವಣ ಕಾಲದಲ್ಲಿ ಫ್ರಾನ್ ಕುರೆಲಾಟ್ಸ್ ಎಂಬ ಭಾಷಾಪಂಡಿತನು ಅಲ್ಲಿ ಕ್ರೊಯೇಷಿಯನ್ ಭಾಷೆಯನ್ನು ಕಲಿಸಿ, ಶಿಷ್ಯರಲ್ಲಿ ಒಂದು ಪಂಥವನ್ನೇ ಕಟ್ಟಿದ್ದನು. ಅಷ್ಟು ಹಿರಿದಾದ ಆ ಕ್ರೊಯೇಷಿಯನ್ ಪ್ರೌಢಶಾಲೆಯನ್ನು ಹಂಗೆರಿಯ ಅಧಿಕಾರಿಗಳು ಊರಿನಲ್ಲಿರಗೊಡದೆ, ಹೊಳೆಯ ಆಚೆ ದಡದ ಸುಶಾಕ್ ಎಂಬ ಕ್ರೊಯೇಷಿಯದ ಪಟ್ಟಣಕ್ಕೆ ಸಾಗಹಾಕಿದರು. ಎರಡು ದಡಗಳಿಗೂ ನಡುವೆ ಇರುವುದು ಒಂದು ಸೇತುವೆಯಷ್ಟೇ ದೂರ. ಮಕ್ಕಳು ಹಳೆಯ ಪುಸ್ತಕಗಳನ್ನೇ ಹಿಡಿದು ಸೇತುವೆಯನ್ನು ದಾಟಿ ಶಾಲೆಗೆ ಹೋಗಬೇಕಾಯಿತು. ಭಾಷೆಗೆ ಗಡಿ ಹಾಕುವ ಕೆಲಸವು ಸೈನಿಕರಿಂದಲ್ಲ, ಶಾಲೆಯ ಸ್ಥಳಾಂತರದ ಆಜ್ಞೆಯಿಂದ ಮೊದಲಾಯಿತು.

೧೯೧೦ರ ಖಾನೇಷುಮಾರಿಯ ಪ್ರಕಾರ ಊರಿನಲ್ಲಿ ಸುಮಾರು ೪೯,೮೦೦ ಜನರಿದ್ದರು. ಅವರಲ್ಲಿ ಇಟಾಲಿಯನ್ ಮಾತಿನವರು ಸುಮಾರು ೨೪,೨೦೦, ಕ್ರೊಯೇಷಿಯನ್ ಮಾತಿನವರು ೧೨,೯೦೦, ಹಂಗೆರಿಯವರು ೬,೫೦೦, ಸ್ಲೊವೀನರೂ ಜರ್ಮನ್ನರೂ ಎರಡೆರಡು ಸಾವಿರಕ್ಕೆ ಮಿಗಿಲು. ಹೊಳೆಯ ಆಚೆಗಿನ ಸುಶಾಕನ್ನು ಲೆಕ್ಕಕ್ಕೆ ಸೇರಿಸಿದರೆ ಇಟಾಲಿಯನ್ನರ ಮೇಲುಗೈ ಕರಗುತ್ತಿತ್ತು; ಬಿಟ್ಟರೆ ನಿಲ್ಲುತ್ತಿತ್ತು. ಆದುದರಿಂದ ಒಬ್ಬರು ಹೊಳೆಯವರೆಗೆ ಎಣಿಸಿದರು, ಇನ್ನೊಬ್ಬರು ಹೊಳೆಯನ್ನು ದಾಟಿ ಎಣಿಸಿದರು. ಮನೆಯಲ್ಲಿ ಎರಡು ಭಾಷೆಯನ್ನಾಡುವವನಿಗೂ ಎಣಿಕೆಯ ಪುಸ್ತಕದಲ್ಲಿ ಒಂದೇ ಅಂಕಣ. ಈ ಅಂಕಣಗಳೇ ಮುಂದೆ ಕತ್ತಿಗಳಾದವು.

ಕವಿಯ ದೊರೆತನ

೧೯೧೮ರಲ್ಲಿ ಮೊದಲನೆಯ ಮಹಾಯುದ್ಧವು ಮುಗಿದು ಆಸ್ಟ್ರಿಯ-ಹಂಗೆರಿ ಸಾಮ್ರಾಜ್ಯವು ಕುಸಿಯಿತು. ಹಂಗೆರಿಯ ರಾಜ್ಯಪಾಲನು ಊರನ್ನು ಬಿಟ್ಟು ಹೊರಟುಹೋದನು. ಇಟಲಿಯೂ ಆಗ ತಾನೇ ರೂಪುಗೊಳ್ಳುತ್ತಿದ್ದ ಯುಗೋಸ್ಲಾವಿಯವೂ ಊರು ತಮ್ಮದೆಂದವು. ಪ್ಯಾರಿಸ್ಸಿನ ಶಾಂತಿ ಸಮ್ಮೇಳನದಲ್ಲಿ ಅಮೆರಿಕದ ಅಧ್ಯಕ್ಷ ವಿಲ್ಸನ್ನನು ಇಟಲಿಯ ಬೇಡಿಕೆಯನ್ನು ವಿರೋಧಿಸಿದನು. ದೊಡ್ಡವರ ಮಾತುಕತೆ ಎಳೆಯುತ್ತಿರುವಾಗ, ೧೯೧೯ರ ಸೆಪ್ಟೆಂಬರ್ ೧೨ರಂದು, ಇಟಲಿಯ ಪ್ರಸಿದ್ಧ ಕವಿ ಗಾಬ್ರಿಯೇಲೆ ದನ್ನುನ್ಸಿಯೊ ಎಂಬವನು ತನ್ನ ಸರಕಾರದ ಆಜ್ಞೆಯನ್ನೇ ಮೀರಿದ ಸಾವಿರಾರು ಸೈನಿಕರೊಡನೆ ಊರನ್ನು ಹೊಕ್ಕು ವಶಪಡಿಸಿಕೊಂಡನು. ಹದಿನಾರು ತಿಂಗಳ ಕಾಲ ಅವನದೇ ದೊರೆತನ. ಅರಮನೆಯ ಮಹಡಿಯ ಮೊಗಸಾಲೆಯಿಂದ ಭಾಷಣ, ಕೆಳಗೆ ನೆರೆದ ಗುಂಪಿನೊಡನೆ ಪ್ರಶ್ನೋತ್ತರ, ಕಪ್ಪು ಅಂಗಿಗಳ ಪಡೆ, ಮೆರವಣಿಗೆ, ಬಾಜಾಬಜಂತ್ರಿ. ೧೯೨೦ರಲ್ಲಿ ಅವನು ಸಾರಿದ ಸಂವಿಧಾನದಲ್ಲಿ ಸಂಗೀತಕ್ಕೂ ರಾಜ್ಯದ ಅಂಗವಾಗಿ ಸ್ಥಾನವಿತ್ತು! ಆದರೆ ಈ ಸಂಭ್ರಮದ ಬೆನ್ನಿಗೆ ಹಸಿವೂ ನಿರುದ್ಯೋಗವೂ ಇದ್ದವು, ಇಟಾಲಿಯನ್ನೇತರರಿಗೆ ಭಯವಿತ್ತು. ಅವನ ಮೊಗಸಾಲೆಯ ಭಾಷಣವನ್ನೂ ಕಪ್ಪು ಅಂಗಿಯನ್ನೂ ಮುಂದೆ ಮುಸೊಲಿನಿಯು ಬಳಸಿಕೊಂಡನೆಂಬುದು ಪ್ರಸಿದ್ಧವಾಗಿಯೇ ಇದೆ.

ಅದೇ ೧೯೧೯ರ ನವೆಂಬರಿನಲ್ಲಿ ಅವನ ಭಟರು ಗಡಿಯಾರದ ಗೋಪುರವನ್ನೇರಿದರು. ೧೯೦೬ರಲ್ಲಿ ಅದರ ನೆತ್ತಿಯ ಮೇಲೆ ಊರಿನ ಎರಡು ತಲೆಯ ಹದ್ದನ್ನು ನಿಲ್ಲಿಸಿದ್ದರು. ಎರಡು ತಲೆಯ ಹದ್ದು ಹ್ಯಾಬ್ಸ್‌ಬರ್ಗರ ಗುರುತು. ರೋಮಿನ ಹದ್ದಿಗೆ ಒಂದೇ ತಲೆ. ಆದುದರಿಂದ ಒಂದು ತಲೆಯನ್ನು ಕತ್ತರಿಸಿ ತೆಗೆದರು. ಈ ಘಟನೆಯನ್ನು ಓದುವ ಕನ್ನಡಿಗನಿಗೆ ಪಂಚತಂತ್ರದ ಭೇರುಂಡ ಪಕ್ಷಿಯ ಕಥೆ ನೆನಪಾಗದಿರದು. ಒಂದು ತಲೆಗೆ ದೊರೆತ ಸವಿಯನ್ನು ಇನ್ನೊಂದಕ್ಕೆ ಕೊಡದೆ ಹೋದುದರಿಂದ, ಮುನಿದ ಎರಡನೆಯ ತಲೆ ವಿಷದ ಹಣ್ಣನ್ನು ತಿಂದಿತು. ಹೊಟ್ಟೆ ಒಂದೇ ಆದುದರಿಂದ ಪಕ್ಷಿಯೇ ಸತ್ತಿತು.

೧೯೨೦ರ ನವೆಂಬರಿನಲ್ಲಿ ಇಟಲಿಗೂ ಯುಗೋಸ್ಲಾವಿಯಕ್ಕೂ ಆದ ರಪಾಲೊ ಒಪ್ಪಂದದಂತೆ ಊರು ಸ್ವತಂತ್ರ ರಾಜ್ಯವೆನಿಸಿತು. ವಿಸ್ತೀರ್ಣ ೨೮ ಚದರ ಕಿಲೋಮೀಟರ್. ಕವಿಯು ಹೊರಡಲೊಲ್ಲದಿರಲು ಇಟಲಿಯ ಸೈನ್ಯವೇ ಕ್ರಿಸ್‌ಮಸ್ ಹಬ್ಬದ ದಿನಗಳಲ್ಲಿ ಅವನ ಮೇಲೆ ಏರಿಬಂದು, ಯುದ್ಧದ ಹಡಗಿನಿಂದ ಅರಮನೆಗೆ ಗುಂಡು ಹಾರಿಸಿ ಅವನನ್ನು ಹೊರಡಿಸಿತು. ೧೯೨೧ರ ಏಪ್ರಿಲಿನ ಚುನಾವಣೆಯಲ್ಲಿ ಪೌರರು ಇಟಲಿಯನ್ನು ಸೇರಬೇಕೆಂಬವರನ್ನು ಗೆಲ್ಲಿಸಲಿಲ್ಲ. ‘ಊರು ಊರಿನವರದಾಗಿಯೇ ಇರಲಿ’ ಎಂಬ ಸ್ವಾಯತ್ತತಾವಾದಿಗಳನ್ನು ಗೆಲ್ಲಿಸಿದರು. ಅವರ ನಾಯಕ ರಿಕಾರ್ಡೊ ಜನೆಲ್ಲ ಅಧ್ಯಕ್ಷನಾದನು. ಊರಿನ ನಿಜವಾದ ಧ್ವನಿ ಇದುವೇ ಎಂದು ನನಗೆ ತೋರುತ್ತದೆ. ಆದರೆ ಆ ಧ್ವನಿಗೆ ಆಯುಷ್ಯವಿರಲಿಲ್ಲ. ೧೯೨೨ರ ಮಾರ್ಚ್ ೩ರಂದು ಫ್ಯಾಸಿಸ್ಟರು ಬಲಾತ್ಕಾರದಿಂದ ಸರಕಾರವನ್ನು ಉರುಳಿಸಿದರು. ೧೯೨೪ರ ಜನವರಿ ೨೭ರ ರೋಮ್ ಒಪ್ಪಂದದಂತೆ ಊರು ಇಟಲಿಗೂ, ಆಚೆಯ ದಡದ ಸುಶಾಕ್ ಯುಗೋಸ್ಲಾವಿಯಕ್ಕೂ ಸೇರಿದವು. ಮಕ್ಕಳು ಶಾಲೆಗೆ ದಾಟುತ್ತಿದ್ದ ಸೇತುವೆಯ ಮೇಲೆ ಎರಡು ರಾಜ್ಯಗಳ ಕಾವಲುಗಾರರು ಬಂದು ನಿಂತರು.

ಹೆಸರು ಕಳೆದುಕೊಂಡವರು

ಇಟಲಿಗೆ ಸೇರಿದ ಊರು ಮರಳಿ ಮೊದಲಿನ ಸಿರಿಯನ್ನು ಕಾಣಲಿಲ್ಲ. ಬಂದರಿಗೆ ಸರಕು ಕಳುಹಿಸುತ್ತಿದ್ದ ಒಳನಾಡು ಗಡಿಯ ಆಚೆಗೆ ಉಳಿಯಿತು. ಇಟಲಿಗೆ ಬೇರೆ ಬಂದರುಗಳು ಬೇಕಾದಷ್ಟಿದ್ದವು. ಯಾವ ಭಾಷೆಯ ಹೆಸರಿನಲ್ಲಿ ಊರನ್ನು ಗೆದ್ದರೋ ಆ ಭಾಷೆಯವರ ಹೊಟ್ಟೆಯೂ ಅದರಿಂದ ತುಂಬಲಿಲ್ಲ. ೧೯೨೩ರ ಶಿಕ್ಷಣ ಕಾನೂನು ಇಟಲಿಯ ಹೊಸ ಪ್ರಾಂತಗಳ ಶಾಲೆಗಳಿಂದ ಸ್ಲಾವ್ ಭಾಷೆಗಳನ್ನು ಒಂದೊಂದು ತರಗತಿಯಾಗಿ ಹೊರದೂಡಿತು. ಕೆಲವೇ ವರ್ಷಗಳಲ್ಲಿ ಅವು ಸಂಪೂರ್ಣವಾಗಿ ಮಾಯವಾದವು. ೧೯೨೭ರಿಂದ ಮನೆತನದ ಹೆಸರುಗಳನ್ನೂ ಇಟಾಲಿಯನ್ ರೂಪಕ್ಕೆ ತಿರುಗಿಸುವ ಕಾನೂನು ಈ ಸೀಮೆಗೆ ಬಂದಿತು. ‘ನೀರು ಕುಡಿಯುವವನು’ ಎಂಬ ಅರ್ಥದ ವೊಡೊಪಿವೆಟ್ಸ್ ಎಂಬ ಸ್ಲಾವ್ ಹೆಸರು ಅದೇ ಅರ್ಥದ ಬೆವಿಲಾಕ್ವ ಆಯಿತು. ಅರ್ಥವು ಉಳಿಯಿತಲ್ಲವೇ ಎಂದು ಯಾರಾದರೂ ಕೇಳಬಹುದು. ಹೆತ್ತವರು ಕೂಗಿದ ಹೆಸರು ಹೋದ ಮೇಲೆ ಅರ್ಥವನ್ನು ಕಟ್ಟಿಕೊಂಡು ಮಾಡುವುದೇನು?

ಎರಡನೆಯ ಮಹಾಯುದ್ಧದಲ್ಲಿ, ೧೯೪೧ರಲ್ಲಿ, ಇಟಲಿಯು ಸುಶಾಕನ್ನೂ ಹಿಡಿಯಿತು. ೧೯೪೨ರ ಜುಲೈ ೧೨ರಂದು ಊರಿಗೆ ಸಮೀಪದ ಪೊಡ್‌ಹುಮ್ ಎಂಬ ಹಳ್ಳಿಯಲ್ಲಿ ಇಟಲಿಯ ಸೈನಿಕರು ೯೦ಕ್ಕೂ ಮಿಗಿಲು ಗಂಡಸರನ್ನು ಗುಂಡಿಕ್ಕಿ ಕೊಂದು, ಮನೆಗಳನ್ನು ಸುಟ್ಟರು. ೧೯೪೩ರ ಸೆಪ್ಟೆಂಬರಿನಲ್ಲಿ ಇಟಲಿಯು ಶರಣಾಗಲು ಜರ್ಮನ್ನರು ಬಂದರು. ೧೯೪೪ರ ಜನವರಿಯಲ್ಲಿ ಯೆಹೂದ್ಯರ ದೊಡ್ಡ ಪ್ರಾರ್ಥನಾಮಂದಿರವನ್ನು ಸುಟ್ಟರು. ಊರಿನ ಅನೇಕ ಯೆಹೂದ್ಯರನ್ನು ಹಿಡಿದು ಮರಣಶಿಬಿರಗಳಿಗೆ ಸಾಗಿಸಿದರು. ಹಿಮ್ಮೆಟ್ಟುವಾಗ ಬಂದರಿನ ಕಟ್ಟೆಗಳನ್ನು ಸಿಡಿಮದ್ದಿನಿಂದ ಹಾಳುಗೆಡವಿದರು. ೧೯೪೫ರ ಮೇ ೩ರಂದು ಮಾರ್ಷಲ್ ಟೀಟೋವಿನ ಪಕ್ಷಪಾತಿ ಸೈನ್ಯವು ಊರನ್ನು ಪ್ರವೇಶಿಸಿತು. ಫ್ಯಾಸಿಸ್ಟರ ಕತ್ತಲೆ ಕಳೆಯಿತು. ಆದರೆ ಬೆಳಕಿನ ಹೆಸರಿನಲ್ಲಿ ಬಂದವರೂ ಕತ್ತಿಯನ್ನು ಒರೆಗೆ ಹಾಕಲಿಲ್ಲ. ಫ್ಯಾಸಿಸ್ಟರಿಂದಲೇ ಪೀಡೆಗೊಂಡಿದ್ದ ಹಳೆಯ ಸ್ವಾಯತ್ತತಾವಾದಿಗಳಲ್ಲಿ ಕೆಲವರು ಆ ಮೊದಲ ದಿನಗಳಲ್ಲಿಯೇ ಹತರಾದರು. ಕೋಣಗಳೆರಡು ಕಾದಿದರೆ ಗಿಡಕ್ಕೆ ಮೃತ್ಯು ಎಂಬ ನಮ್ಮ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಭಾಷೆಯೇ ರಹದಾರಿ

೧೯೪೭ರ ಫೆಬ್ರವರಿ ೧೦ರ ಪ್ಯಾರಿಸ್ ಶಾಂತಿ ಒಪ್ಪಂದದಂತೆ ಊರು ಯುಗೋಸ್ಲಾವಿಯಕ್ಕೆ ಸೇರಿತು. ಆ ಒಪ್ಪಂದದಲ್ಲಿ ಒಂದು ವಿಧಿಯಿತ್ತು. ರೂಢಿಯಾಗಿ ಇಟಾಲಿಯನ್ ಭಾಷೆಯನ್ನಾಡುವ, ೧೮ ವರ್ಷ ಮೀರಿದವರು ಒಂದು ವರ್ಷದೊಳಗೆ ಇಟಲಿಯ ಪೌರತ್ವವನ್ನು ಆರಿಸಿಕೊಳ್ಳಬಹುದು. ಹಾಗೆ ಆರಿಸಿಕೊಂಡವರನ್ನು ದೇಶ ಬಿಟ್ಟುಹೋಗುವಂತೆ ಸರಕಾರವು ಕೇಳಬಹುದು. ಮನೆಯಲ್ಲಾಡುವ ಮಾತೇ ರಹದಾರಿಯಾಯಿತು. ಆ ರಹದಾರಿಯನ್ನು ಹಿಡಿದವನು ಹುಟ್ಟಿದ ಊರನ್ನು ತೊರೆಯಬೇಕು. ಭಯ, ಬಡತನ, ಆಸ್ತಿಯ ಜಫ್ತಿ, ಹೊಸ ಆಡಳಿತದ ಬಿಗಿ ಇವೆಲ್ಲವೂ ಕೂಡಿ ಕೆಲವೇ ವರ್ಷಗಳಲ್ಲಿ ಊರಿನ ಇಟಾಲಿಯನ್ ಮಾತಿನವರಲ್ಲಿ ಬಹುಪಾಲು ಜನ ಗಂಟುಮೂಟೆ ಕಟ್ಟಿ ಹೊರಟರು. ಇಟಲಿಯ ನಾನಾ ಕಡೆಯ ನಿರಾಶ್ರಿತರ ಶಿಬಿರಗಳಲ್ಲಿ ಅವರು ವರ್ಷಗಟ್ಟಲೆ ಕಳೆದರು. ರೋಮ್ ನಗರದಲ್ಲಿ ಅವರು ತಮ್ಮ ಊರಿನ ಕಾಗದಪತ್ರಗಳನ್ನೂ ನೆನಪಿನ ವಸ್ತುಗಳನ್ನೂ ಕೂಡಿಸಿ ಒಂದು ಸಂಗ್ರಹಾಲಯವನ್ನು ಕಟ್ಟಿಕೊಂಡಿದ್ದಾರೆ.

ವಿಪರ್ಯಾಸವನ್ನು ನೋಡಿರಿ. ಇವರು ಹೋಗುತ್ತಿದ್ದ ಹೊತ್ತಿನಲ್ಲಿಯೇ, ಇಟಲಿಯ ಮೊನ್‌ಫಲ್ಕೋನೆ ಪಟ್ಟಣದಿಂದ ಸುಮಾರು ಎರಡು ಸಾವಿರ ಹಡಗುಕಟ್ಟೆಯ ಕಾರ್ಮಿಕರು, ಸಮತಾವಾದದ ನಾಡನ್ನು ಕಟ್ಟುವ ಉತ್ಸಾಹದಿಂದ, ಎದುರುಮುಖವಾಗಿ ಈ ಸೀಮೆಗೆ ಬಂದರು. ೧೯೪೮ರಲ್ಲಿ ಟೀಟೋವಿಗೂ ಸ್ಟಾಲಿನ್ನನಿಗೂ ಮನಸ್ತಾಪವಾಗಲು ಈ ಕಾರ್ಮಿಕರಲ್ಲಿ ಅನೇಕರು ಸ್ಟಾಲಿನ್ನನ ಪಕ್ಷದವರೆಂಬ ಶಂಕೆಗೆ ಗುರಿಯಾಗಿ ಕಷ್ಟಕ್ಕೊಳಗಾದರು. ಅವರಲ್ಲಿ ಬಹುಮಂದಿ ಬಂದ ದಾರಿಯಲ್ಲೇ ಹಿಂದಿರುಗಿದರು.

೧೯೪೮ರಲ್ಲಿ ರಿಯೇಕ ಮತ್ತು ಸುಶಾಕ್‌ಗಳು ಒಂದೇ ನಗರವಾದವು. ಹೊಳೆಯ ಮೇಲಿನ ಗಡಿ ಅಳಿಯಿತು. ಶಾಲೆಯ ಸೇತುವೆ ಪುನಃ ಬರಿಯ ಸೇತುವೆಯಾಯಿತು. ಬರಿದಾದ ಮನೆಗಳಿಗೆ ಯುಗೋಸ್ಲಾವಿಯದ ಎಲ್ಲ ಕಡೆಗಳಿಂದ ಜನ ಬಂದು ತುಂಬಿದರು. ೧೯೪೯ರಲ್ಲಿ ಗೋಪುರದ ಮೇಲೆ ಉಳಿದಿದ್ದ ಹದ್ದನ್ನೂ ಒಡೆದುಹಾಕಿದರು. ಫ್ಯಾಸಿಸ್ಟರ ಹಿಂದಿನವರು ಒಂದು ತಲೆಯನ್ನು ತೆಗೆದಿದ್ದರು; ಇವರು ಹದ್ದನ್ನೇ ತೆಗೆದರು. ೧೯೫೩ರಲ್ಲಿ ಟ್ರಿಯೆಸ್ಟ್ ನಗರದ ಕುರಿತು ಎರಡು ರಾಜ್ಯಗಳಿಗೆ ಜಗಳವು ಹೆಚ್ಚಿದಾಗ ರಿಯೇಕದ ಬೀದಿಗಳಲ್ಲಿದ್ದ ಎರಡು ಭಾಷೆಯ ಫಲಕಗಳನ್ನು ಕಿತ್ತೊಗೆದರು. ಜಗಳವಾಡಿದ್ದು ರೋಮ್ ಮತ್ತು ಬೆಲ್‌ಗ್ರೇಡ್. ಫಲಕ ಕಳೆದುಕೊಂಡವನು ರಿಯೇಕದ ಬಡ ನಿವಾಸಿ.

ಉಳಿದವರು

ಹೀಗಿರಲು, ಊರನ್ನು ಬಿಟ್ಟುಹೋಗದೆ ಉಳಿದ ಕೆಲವು ಸಾವಿರ ಇಟಾಲಿಯನ್ ಮಾತಿನವರ ಗತಿಯೇನಾಯಿತು? ಅವರಿಗೆ ಸೈನ್ಯವಿರಲಿಲ್ಲ, ಸಂಖ್ಯಾಬಲವಿರಲಿಲ್ಲ; ಅವರ ಪರವಾಗಿ ಯಾವ ಕವಿಯೂ ದಂಡೆತ್ತಿ ಬರಲಿಲ್ಲ. ಬರದಿದ್ದುದೇ ಒಳ್ಳೆಯದಾಯಿತೆನ್ನಬೇಕು. ಅವರಿಗಿದ್ದುದು ಮೂರು ಆಸ್ತಿಗಳು. ಮೊದಲನೆಯದು ಶಾಲೆ. ೧೮೮೮ರಿಂದ ಬಂದ ಇಟಾಲಿಯನ್ ಪ್ರೌಢಶಾಲೆಯೂ ಅದರೊಡನೆ ನಾಲ್ಕು ಪ್ರಾಥಮಿಕ ಶಾಲೆಗಳೂ ಊರಿನಲ್ಲಿ ಇಂದಿಗೂ ನಡೆಯುತ್ತಿವೆ. ಎರಡನೆಯದು ಪತ್ರಿಕೆ. ‘ಲಾ ವೋಚೆ ದೆಲ್ ಪೊಪೊಲೊ’, ಎಂದರೆ ‘ಜನವಾಣಿ’, ಎಂಬ ಹೆಸರಿನ ಇಟಾಲಿಯನ್ ಪತ್ರಿಕೆ ೧೯೪೪ರಲ್ಲಿ ಮರುಹುಟ್ಟು ಪಡೆದು ಇಂದಿಗೂ ಇಲ್ಲಿಂದ ಹೊರಡುತ್ತಿದೆ. ಮೂರನೆಯದು ರಂಗಭೂಮಿ. ೧೯೪೬ರಲ್ಲಿ ಆರಂಭವಾದ ಇಟಾಲಿಯನ್ ನಾಟಕ ಮಂಡಲಿಯು ಕ್ರೊಯೇಷಿಯದ ರಾಷ್ಟ್ರೀಯ ನಾಟಕಶಾಲೆಯ ಅಂಗವಾಗಿಯೇ, ಅದೇ ಛಾವಣಿಯ ಕೆಳಗೆ, ನಾಟಕಗಳನ್ನಾಡುತ್ತ ಬಂದಿದೆ. ಇಂದು ಊರಿನಲ್ಲಿ ಇಟಾಲಿಯನ್ನರೆಂದು ಬರೆಯಿಸಿಕೊಳ್ಳುವವರು ನೂರಕ್ಕೆ ಇಬ್ಬರಿಗಿಂತಲೂ ಕಡಿಮೆ. ಆದರೂ ಭಾಷೆ ಆರಿಲ್ಲ. ದಂಡು ಬಂದಾಗಲೂ ಬಾವುಟ ಹಾರಿದಾಗಲೂ ಆಗದ ಕೆಲಸವನ್ನು ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದವರು, ಅಚ್ಚಿನ ಮೊಳೆ ಜೋಡಿಸಿದವರು, ಬಣ್ಣ ಹಚ್ಚಿ ರಂಗವೇರಿದವರು ಮಾಡಿದರು.

ಯುಗೋಸ್ಲಾವಿಯವೂ ಉಳಿಯಲಿಲ್ಲ. ೧೯೯೧ರಲ್ಲಿ ಕ್ರೊಯೇಷಿಯವು ಸ್ವತಂತ್ರ ರಾಷ್ಟ್ರವೆಂದು ಸಾರಿತು; ೨೦೧೩ರಲ್ಲಿ ಯೂರೋಪಿನ ಒಕ್ಕೂಟವನ್ನು ಸೇರಿತು. ೨೦೨೩ರ ಜನವರಿ ೧ರಿಂದ ಅದು ಯೂರೋ ನಾಣ್ಯವನ್ನು ಬಳಸುತ್ತಿದೆ. ಅಂದಿನಿಂದ ಯಾರ ರಕ್ತದಿಂದ ಗೆರೆಗಳನ್ನೆಳೆದಿದ್ದರೋ ಆ ಗಡಿಗಳಲ್ಲಿ ರಹದಾರಿಯ ತಪಾಸಣೆಯನ್ನೂ ತೆಗೆದುಹಾಕಲಾಯಿತು. ನೆನಪುಗಳು ಮಾತ್ರ ಅಷ್ಟು ಬೇಗ ಕರಗುವುದಿಲ್ಲ. ೨೦೧೯ರಲ್ಲಿ ಆ ದಂಡಯಾತ್ರೆಗೆ ನೂರು ವರ್ಷ ತುಂಬಿದ ದಿನ ಟ್ರಿಯೆಸ್ಟಿನಲ್ಲಿ ದನ್ನುನ್ಸಿಯೊವಿನ ಪ್ರತಿಮೆಯನ್ನು ನಿಲ್ಲಿಸಿದರು. ಕ್ರೊಯೇಷಿಯದ ಸರಕಾರವು ಪ್ರತಿಭಟಿಸಿತು. ಅದಕ್ಕೂ ಮುಂಚೆ, ೨೦೧೭ರಲ್ಲಿ, ರಿಯೇಕದವರು ಗಡಿಯಾರದ ಗೋಪುರದ ಮೇಲೆ ಹೊಸ ಹದ್ದನ್ನು ನಿಲ್ಲಿಸಿದ್ದರು. ಅದಕ್ಕೆ ಎರಡು ತಲೆಗಳಿವೆ. ಎರಡೂ ಒಂದೇ ಕಡೆಗೆ ನೋಡುತ್ತವೆ.

೧೯೦೦ರಲ್ಲಿ ಈ ಊರಿನಲ್ಲಿ ಹುಟ್ಟಿ ಐವತ್ತು ವರ್ಷ ಬಾಳಿದ ಒಬ್ಬ ಹೆಂಗಸನ್ನು ನಾವು ಊಹಿಸಿಕೊಳ್ಳೋಣ. ಮನೆಯ ಹೊಸ್ತಿಲನ್ನು ಬದಲಾಯಿಸದೆ ಆಕೆ ಹಂಗೆರಿ, ಕವಿಯ ದೊರೆತನ, ಸ್ವತಂತ್ರ ರಾಜ್ಯ, ಇಟಲಿ, ಜರ್ಮನಿ, ಯುಗೋಸ್ಲಾವಿಯ ಈ ಆರು ಆಡಳಿತಗಳನ್ನು ಕಂಡಿರಬೇಕು. ಬಂದ ಒಬ್ಬೊಬ್ಬ ಒಡೆಯನೂ ಆಕೆಯ ಎರಡು ಮಾತುಗಳಲ್ಲಿ ಒಂದನ್ನು ಎತ್ತಿ ಹಿಡಿದು ಇನ್ನೊಂದನ್ನು ತುಳಿದನು. ಯಾವ ಒಡೆಯನೂ ಉಳಿಯಲಿಲ್ಲ. ತುಳಿದ ಪಾಪವು ಮಾತ್ರ ಊರಿನಲ್ಲಿ ಉಳಿಯಿತು. ಅನ್ಯಾಯವನ್ನು ಮಾಡಿದವರು ಒಂದೇ ಭಾಷೆಯವರಲ್ಲ. ಅನುಭವಿಸಿದವರೂ ಒಂದೇ ಭಾಷೆಯವರಲ್ಲ. ಇಷ್ಟನ್ನು ಒಪ್ಪದವನು ಈ ಊರಿನ ಚರಿತ್ರೆಯ ಅರ್ಧವನ್ನು ಮಾತ್ರ ಓದಿದವನು.

ನಮ್ಮ ಗಡಿಗಳು ಒಂದೇ ದೇಶದೊಳಗಿನ ಗೆರೆಗಳು. ಅವನ್ನು ರಿಯೇಕದ ಗಡಿಗೆ ಸರಿಗಟ್ಟುವುದು ಸಲ್ಲದು. ಆದರೂ ಆ ಊರಿನಿಂದ ಎರಡು ಮಾತುಗಳನ್ನು ನಾವು ಕಲಿಯಬಹುದು. ನಮ್ಮ ನುಡಿಯನ್ನು ಉಳಿಸಲು ನೆರೆಯವನ ನುಡಿಯ ಒಂದು ತಲೆಯನ್ನು ಕತ್ತರಿಸಬೇಕಾಗಿಲ್ಲ. ಎರಡನೆಯದಾಗಿ, ಗೆರೆ ಯಾವ ಕಡೆಗೆ ಸರಿದರೂ, ಮಗುವು ಸ್ಲೇಟಿನ ಮೇಲೆ ತಾಯ್ನುಡಿಯ ಅಕ್ಷರವನ್ನು ತಿದ್ದುತ್ತಿರುವವರೆಗೆ ಆ ನುಡಿಗೆ ಸೋಲಿಲ್ಲ. ನೂರಕ್ಕೆ ಇಬ್ಬರಾಗಿ ಉಳಿದವರು ನಾಲ್ಕು ಶಾಲೆಗಳನ್ನು ಉಳಿಸಿಕೊಂಡಿದ್ದಾರೆ. ನಮ್ಮ ಊರಿನ ಶಾಲೆಯ ಹಾಜರಿ ಪುಸ್ತಕವನ್ನು ಈ ವರ್ಷ ನಾವೂ ಒಮ್ಮೆ ತೆರೆದು ನೋಡೋಣ.